ಮೈಸೂರಿನ ಗಂಧ, ಮನೆಯ ಸೊಗಸು

ಯಶವಂತಪುರದ ಕಡೆಯಿಂದ ರಾಜಾಜಿನಗರಕ್ಕೆ ಬರುವವರಿಗೆ ಒಂದು ಅನುಭವ ಹೊಸದಲ್ಲ. ರಸ್ತೆಯ ತುಂಬ ಲಾರಿ ಬಸ್ಸುಗಳ ಹೊಗೆ, ಧೂಳು, ಹಾರನ್ನಿನ ಗದ್ದಲ. ಇದರ ನಡುವೆ ಗಾಳಿ ಸ್ವಲ್ಪ ಈ ಕಡೆಗೆ ತಿರುಗಿತೆಂದರೆ, ಯಾರೋ ದೇವರ ಮನೆಯ ಬಾಗಿಲನ್ನು ತೆರೆದರೋ ಎಂಬಂತೆ ಗಂಧದ ಕಂಪು ತೇಲಿ ಬರುತ್ತದೆ. ಹೊಸಬರು ತಲೆಯೆತ್ತಿ ಸುತ್ತ ನೋಡುತ್ತಾರೆ. ಹಳಬರು ನೋಡುವುದಿಲ್ಲ. ಅದು ಸಾಬೂನಿನ ಕಾರ್ಖಾನೆಯೆಂದು ಅವರಿಗೆ ಗೊತ್ತು. 2014ರಲ್ಲಿ ಈ ದಾರಿಯಲ್ಲಿ ಮೆಟ್ರೊ ರೈಲು ಓಡಲಾರಂಭಿಸಿದಾಗ ಇಲ್ಲಿಯ ನಿಲ್ದಾಣಕ್ಕೆ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ಎಂದೇ ಹೆಸರಾಯಿತು. ದೇವರ ಹೆಸರು, ದೊಡ್ಡವರ ಹೆಸರು ಹೊತ್ತ ಬೀದಿಗಳು ನಮ್ಮ ಊರಿನಲ್ಲಿ ಎಷ್ಟೋ ಇವೆ. ಬಚ್ಚಲುಮನೆಯಲ್ಲಿ ದಿನವೂ ಕರಗಿಹೋಗುವ ವಸ್ತುವೊಂದರ ಹೆಸರಿನಲ್ಲಿ ರೈಲು ನಿಲ್ಲುವುದು ಮಾತ್ರ ಅಪರೂಪವೇ ಸರಿ.

ಈ ಸಾಬೂನಿನ ಕಥೆಯನ್ನು ನಿಮಗೆ ಹೇಳಬೇಕೆಂದು ಹೊರಟಿದ್ದೇನೆ. ಆದರೆ ನನ್ನ ನಿಜವಾದ ವಿಷಯ ಸಾಬೂನಲ್ಲ, ಸೊಗಸು. ಸೊಗಸಾಗಿ ಬದುಕುವುದೆಂದರೆ ಏನು? ಅದಕ್ಕೆ ಹಣ ಎಷ್ಟು ಬೇಕು? ಅದು ಅರಮನೆಯವರ ಸೊತ್ತೇ, ಅಥವಾ ತಿಂಗಳ ಸಂಬಳದಲ್ಲಿ ಬಾಡಿಗೆ, ಹಾಲು, ಮಕ್ಕಳ ಶಾಲೆಯ ಫೀಜು ಎಲ್ಲವನ್ನೂ ತೂಗಿಸಬೇಕಾದ ನಮ್ಮ ನಿಮ್ಮಂಥವರಿಗೂ ಅದರಲ್ಲಿ ಪಾಲುಂಟೇ? ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತುಗಳು ಹಲವು ಇವೆ. ‘ಡೌಲು’ ಎಂದರೆ ನೆರೆಮನೆಯವರು ನೋಡಲೆಂದು ಮಾಡುವುದು. ‘ಷೋಕಿ’ ಎಂದರೆ ಬೀದಿಯವರೆಲ್ಲ ನೋಡಲೆಂದು ಮಾಡುವುದು. ‘ಸೊಗಸು’ ಎಂಬುದಕ್ಕೆ ನೋಡುವವರು ಬೇಕಾಗಿಲ್ಲ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವಾಗಲೂ ಅದು ಇರುತ್ತದೆ. ಸಾಬೂನನ್ನು ಉದಾಹರಣೆಯಾಗಿ ಆರಿಸಿಕೊಂಡದ್ದೂ ಈ ಕಾರಣಕ್ಕಾಗಿಯೇ.

ಇದನ್ನು ಕುರಿತು ನಮ್ಮ ನಾಡಿನಲ್ಲಿ ಬಹಳ ಹಿಂದೆಯೇ ಯೋಚಿಸಿದವರಿದ್ದರು. ಕಲ್ಯಾಣದಿಂದ ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ, ಸುಮಾರು 1130ರ ಹೊತ್ತಿಗೆ, ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ದೊಡ್ಡ ಗ್ರಂಥವನ್ನು ರಚಿಸಿದನು. ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ರಾಜ್ಯವನ್ನು ಗಳಿಸುವುದು, ಉಳಿಸುವುದು ಮೊದಲಾದ ವಿಷಯಗಳು ಮುಗಿದ ಮೇಲೆ ಮೂರನೆಯ ವಿಂಶತಿಯಲ್ಲಿ ರಾಜನು ಅನುಭವಿಸಬೇಕಾದ ಇಪ್ಪತ್ತು ಉಪಭೋಗಗಳನ್ನು ಆತ ವಿವರಿಸುತ್ತಾನೆ. ಚಕ್ರವರ್ತಿಯ ಭೋಗವೆಂದ ಮೇಲೆ ಆನೆ ಕುದುರೆ, ಚಿನ್ನದ ಗುಡ್ಡಗಳು ಇರಬೇಕೆಂದು ನೀವು ಎಣಿಸಬಹುದು. ಪಟ್ಟಿಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಮನೆ, ಸ್ನಾನ, ಪಾದುಕೆ, ತಾಂಬೂಲ, ಮೈಗೆ ಹಚ್ಚುವ ಗಂಧ, ಬಟ್ಟೆ, ಹೂಮಾಲೆ, ಕೂಡುವ ಆಸನ, ಊಟ, ಕುಡಿಯುವ ನೀರು, ಕೊಡೆ, ಹಾಸಿಗೆ, ಧೂಪ, ಹೀಗೆ ಸಾಗುತ್ತದೆ. ಅನ್ನಭೋಗದ ಭಾಗದಲ್ಲಿ ನಮ್ಮ ಇಡ್ಲಿ ದೋಸೆಗಳ ಪೂರ್ವಜರು ಸಹ ಹೆಸರು ಹೇಳಿಸಿಕೊಂಡಿದ್ದಾರೆ. ಇವುಗಳಲ್ಲಿ ಮುಕ್ಕಾಲು ಪಾಲು ವಸ್ತುಗಳು ಇಂದು ಬಸವೇಶ್ವರನಗರದ ಎರಡು ಕೋಣೆಯ ಮನೆಯಲ್ಲಿಯೂ ಇವೆ!

ಅಂದರೆ ದಿನದಿನದ ವಸ್ತುವಿನಲ್ಲಿಯೇ ಸುಖವಿದೆಯೆಂಬುದನ್ನು ಆ ರಾಜ ಬಲ್ಲವನಾಗಿದ್ದ. ಒಂದೊಂದನ್ನೂ ಹೇಗೆ ಆರಿಸಬೇಕು, ಯಾವ ಋತುವಿಗೆ ಯಾವುದು ಹಿತ ಎಂಬುದನ್ನು ಕುಳಿತು ಬರೆಯುವಷ್ಟು ವ್ಯವಧಾನವೂ ಅವನಿಗಿತ್ತು. ಆದರೆ ಅವನ ಸ್ನಾನಕ್ಕೆ ನೀರು ಹೊತ್ತವರಿಗೆ, ಅವನ ಗಂಧವನ್ನು ತೇದವರಿಗೆ ಅದೇ ಸ್ನಾನ, ಅದೇ ಗಂಧ ದೊರೆಯುತ್ತಿರಲಿಲ್ಲ. ಭೋಗದ ತಿಳಿವಳಿಕೆ ಅರಮನೆಯ ಒಳಗಿತ್ತು, ಭೋಗದ ದುಡಿಮೆ ಹೊರಗಿತ್ತು. ಆ ಬಾಗಿಲು ಹೇಗೆ ಸ್ವಲ್ಪ ಸ್ವಲ್ಪವಾಗಿ ತೆರೆಯಿತೆಂಬುದೇ ನಾನು ಹೇಳಬೇಕೆಂದಿರುವ ಚರಿತ್ರೆ. ಅದಕ್ಕೆ ಗಂಧಕ್ಕಿಂತ ಒಳ್ಳೆಯ ಸಾಕ್ಷಿ ಮತ್ತೊಂದಿಲ್ಲ.

ಶ್ರೀಗಂಧ ನಮ್ಮ ನಾಡಿನ ಮರ. ಮೈಸೂರು, ಶಿವಮೊಗ್ಗ, ಚಿಕ್ಕಮಗಳೂರು ಸೀಮೆಗಳಲ್ಲಿ ಬೇಲಿಯ ಸಾಲಿನಲ್ಲಿ, ಕುರುಚಲು ಕಾಡಿನಲ್ಲಿ ತಾನಾಗಿಯೇ ಹುಟ್ಟುತ್ತದೆ. ಆದರೂ ಸಾಮಾನ್ಯರ ಮನೆಯಲ್ಲಿ ಗಂಧವೆಂದರೆ ದೇವರ ಮನೆಯ ಸಾಣೆಕಲ್ಲಿನ ಪಕ್ಕದಲ್ಲಿ ಇರುತ್ತಿದ್ದ ಒಂದು ಗೇಣುದ್ದದ ಕೊರಡು, ಅಷ್ಟೆ. ಅಜ್ಜನ ಕಾಲದಲ್ಲಿ ತಂದದ್ದು ಮೊಮ್ಮಗನ ಕಾಲಕ್ಕೂ ಬರಬೇಕು. ಮೊದಲು ದೇವರಿಗೆ, ಆಮೇಲೆ ಮದುವೆ ಮುಂಜಿಗಳಲ್ಲಿ ಬಂದವರ ಕೈಗೆ. ಸಾಗರ ಸೊರಬಗಳ ಗುಡಿಗಾರರು ಅದೇ ಮರದಲ್ಲಿ ಕೆತ್ತಿದ ಪೆಟ್ಟಿಗೆಗಳು ಉಳ್ಳವರ ಮನೆಗಳಿಗೂ ಪರದೇಶಗಳಿಗೂ ಹೋಗುತ್ತಿದ್ದವು.

ಇದಕ್ಕೆ ಕಾರಣವುಂಟು. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು. ಮುಂದೆ ಒಡೆಯರ ಸರ್ಕಾರವೂ ಅದೇ ಪದ್ಧತಿಯನ್ನು ಇಟ್ಟುಕೊಂಡಿತು. ರೈತನ ಹೊಲದಲ್ಲಿ ಹುಟ್ಟಿದರೂ ಮರ ಸರ್ಕಾರದ್ದು. ಕಡಿಯುವಂತಿಲ್ಲ, ಮಾರುವಂತಿಲ್ಲ, ಕಳುವಾದರೆ ಜವಾಬು ಹೇಳಬೇಕು. ಇಂಥ ಮರ ಹೊಲದಲ್ಲಿ ಮೊಳೆತರೆ ಯಾವ ರೈತನಿಗೆ ತಾನೆ ಸಂತೋಷವಾದೀತು? ಬಲಿತ ಮರಗಳನ್ನು ಬೇರುಸಹಿತ ಕಿತ್ತು ಗಂಧದ ಕೋಠಿಗಳಿಗೆ ಸಾಗಿಸಿ, ಅಲ್ಲಿ ಮೇಲಿನ ಬಿಳಿಯ ಮರವನ್ನು ಕೆತ್ತಿ ತೆಗೆದು, ಒಳಗಿನ ಚೇಗನ್ನು ದರ್ಜೆ ದರ್ಜೆಯಾಗಿ ವಿಂಗಡಿಸಿ ಹರಾಜು ಹಾಕುತ್ತಿದ್ದರು. ಕೊಂಡವರು ಹಡಗು ಹತ್ತಿಸಿ ಯೂರೋಪಿಗೆ, ಮುಖ್ಯವಾಗಿ ಜರ್ಮನಿಗೆ, ಕಳುಹಿಸುತ್ತಿದ್ದರು. ಎಣ್ಣೆ ತೆಗೆಯುವವರು ಅವರು, ಅದರಿಂದ ಬಗೆಬಗೆಯ ಸುಗಂಧ ಮಾಡುವವರು ಅವರು. ಮರ ನಮ್ಮದು, ಕಂಪು ಅವರದು ಎಂಬಂತಾಗಿತ್ತು.

1914ರಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಜರ್ಮನಿ ಶತ್ರುದೇಶವಾಯಿತು, ಹಡಗುಗಳು ನಿಂತವು. ಕೋಠಿಗಳಲ್ಲಿ ಗಂಧದ ರಾಶಿ ಬಿದ್ದಿತು. ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಗಂಧದ ಹುಟ್ಟುವಳಿ ಚಿಕ್ಕದಾಗಿರಲಿಲ್ಲ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. 1912ರಿಂದ 1918ರವರೆಗೆ ಎಂ. ವಿಶ್ವೇಶ್ವರಯ್ಯನವರು ದಿವಾನರು. ಮಾರುವವನಿಗೆ ಗಿರಾಕಿ ಇಲ್ಲದೆ ಹೋದಾಗ ಎರಡು ದಾರಿಗಳಿರುತ್ತವೆ. ಗಿರಾಕಿ ಮತ್ತೆ ಬರುವವರೆಗೆ ಕಾಯಬಹುದು, ಇಲ್ಲವೆ ಅವನು ಮಾಡುತ್ತಿದ್ದ ಕೆಲಸವನ್ನು ತಾನೇ ಕಲಿಯಬಹುದು. ಮೈಸೂರು ಎರಡನೆಯದನ್ನು ಹಿಡಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ, ಅಂದರೆ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವಲ್ಲಿ, ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಗಂಧದ ಎಣ್ಣೆ ಇಳಿಸುವ ಪ್ರಯೋಗಗಳನ್ನು ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆಯ ಕಾರ್ಖಾನೆ ಆರಂಭವಾಯಿತು. ಮರುವರ್ಷ ಮೈಸೂರಿನಲ್ಲಿ ಮತ್ತೊಂದು.

ಕೆಲಸ ಹೇಳುವುದಕ್ಕೆ ಸುಲಭ. ಚೇಗನ್ನು ಪುಡಿಮಾಡಿ ದೊಡ್ಡ ಹಂಡೆಗಳಲ್ಲಿ ತುಂಬಿ ಆವಿ ಹಾಯಿಸಬೇಕು. ಆವಿಯೊಡನೆ ಎಣ್ಣೆ ಮೇಲೆದ್ದು ಬರುತ್ತದೆ. ತಣಿಸಿದರೆ ನೀರು ಬೇರೆ, ಎಣ್ಣೆ ಬೇರೆ. ಆದರೆ ನೂರು ಸೇರು ಒಳ್ಳೆಯ ಮರವನ್ನು ಹಾಕಿದರೆ ದೊರೆಯುವುದು ಐದಾರು ಸೇರು ಎಣ್ಣೆ. ಮರವಾದರೂ ಇಪ್ಪತ್ತು ಮೂವತ್ತು ವರ್ಷ ಬೆಳೆದಿರಬೇಕು. ಒಂದು ಸೀಸೆಯ ಎಣ್ಣೆಯೆಂದರೆ ಒಂದು ತಲೆಮಾರಿನ ಕಾಲವೆಂದೇ ತಿಳಿಯಬಹುದು.

ಎಣ್ಣೆ ಬಂದ ಮೇಲೆ ಅದನ್ನು ಏನು ಮಾಡಬೇಕು? ಪರದೇಶಕ್ಕೆ ಮಾರಬಹುದಾಗಿತ್ತು, ಮಾರಿದರು ಕೂಡ. ಆದರೆ 1918ರ ಹೊತ್ತಿಗೆ ಮತ್ತೊಂದು ಯೋಚನೆ ಬೆಳೆಯಿತು. ಪರದೇಶದ ಅತಿಥಿಗಳಿಬ್ಬರು ಮೈಸೂರಿನ ಎಣ್ಣೆಯಿಂದಲೇ ಮಾಡಿದ ಸಾಬೂನುಗಳನ್ನು ಮಹಾರಾಜರಿಗೆ ಕಾಣಿಕೆಯಾಗಿ ತಂದರೆಂದೂ, ನಮ್ಮ ಎಣ್ಣೆಗೆ ಅವರ ಸಾಬೂನೇಕೆ ಎಂಬ ಪ್ರಶ್ನೆ ಹುಟ್ಟಿದ್ದು ಆಗಲೇ ಎಂದೂ ಒಂದು ಮಾತು ಪ್ರಚಾರದಲ್ಲಿದೆ. ವಿಶ್ವೇಶ್ವರಯ್ಯನವರು ಮುಂಬಯಿಯಿಂದ ತಿಳಿದವರನ್ನು ಕರೆಸಿ ವಿಜ್ಞಾನ ಮಂದಿರದ ಆವರಣದಲ್ಲಿಯೇ ಸಾಬೂನಿನ ಪ್ರಯೋಗಗಳಿಗೆ ಏರ್ಪಾಟು ಮಾಡಿಸಿದರು. ಎಸ್. ಜಿ. ಶಾಸ್ತ್ರಿಗಳೆಂಬ ತರುಣ ರಸಾಯನಶಾಸ್ತ್ರಜ್ಞರನ್ನು ಈ ವಿದ್ಯೆಯನ್ನು ಕಲಿತು ಬರಲು ಇಂಗ್ಲೆಂಡಿಗೆ ಕಳುಹಿಸಲಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬುದು ಅವರ ಪೂರ್ಣ ಹೆಸರು. ವೈದಿಕ ಪರಂಪರೆಯ ಹೆಸರನ್ನು ಹೊತ್ತ ಅವರನ್ನು ಜನ ಕೊನೆಗೆ ಪ್ರೀತಿಯಿಂದ ಕರೆದದ್ದು ‘ಸೋಪ್ ಶಾಸ್ತ್ರಿ’ ಎಂದು! ಕಬ್ಬನ್ ಪಾರ್ಕಿನ ಬಳಿ ಸರ್ಕಾರಿ ಸಾಬೂನಿನ ಕಾರ್ಖಾನೆ ತಲೆಯೆತ್ತಿತು.

ಇಲ್ಲಿ ಒಂದು ವಿಷಯವನ್ನು ನೀವು ಗಮನಿಸಬೇಕು. ಮೈ ತೊಳೆಯಲು ಸಾಬೂನು ಮಾಡುವುದಷ್ಟೇ ಉದ್ದೇಶವಾಗಿದ್ದರೆ ಚೌಕದ ತುಂಡುಗಳನ್ನು ಕತ್ತರಿಸಿ ಕಾಗದದಲ್ಲಿ ಸುತ್ತಿದ್ದರೆ ಸಾಕಾಗಿತ್ತು. ಶಾಸ್ತ್ರಿಗಳೂ ಅವರ ಜೊತೆಯವರೂ ಅಷ್ಟಕ್ಕೆ ನಿಲ್ಲಲಿಲ್ಲ. ಬಿಲ್ಲೆ ಮೊಟ್ಟೆಯಾಕಾರದ್ದಾಯಿತು, ಅಂಗೈಯಲ್ಲಿ ಕೂಡುವಂಥದು. ಅದನ್ನಿಡುವ ಪೆಟ್ಟಿಗೆ ಒಡವೆಯ ಪೆಟ್ಟಿಗೆಯಂತೆ. ಮುದ್ರೆಗೆ ಆರಿಸಿದ್ದು ಶರಭ, ಸಿಂಹದ ಮೈಗೆ ಆನೆಯ ಮುಖ ಕೂಡಿದ ಪುರಾಣದ ಮೃಗ. ಬಲಕ್ಕೆ ಬುದ್ಧಿ ಕೂಡಿದರೆ ಹೇಗಿರುತ್ತದೆಂಬುದಕ್ಕೆ ಗುರುತು. ಪ್ರಚಾರದಲ್ಲಿಯೂ ಹಿಂದೆ ಬೀಳಲಿಲ್ಲ. ಟ್ರಾಂ ಟಿಕೆಟ್ಟುಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ ಸಾಬೂನಿನ ಹೆಸರು ಬಂತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ಮಾಡಿಸಿದರೆಂಬ ಕಥೆಯೂ ಉಂಟು. ಇದು ಸರ್ಕಾರದ ಕಾರ್ಖಾನೆ, ಗುಮಾಸ್ತರ ಕಡತಗಳ ನಡುವೆ ನಡೆದ ಕೆಲಸ ಎಂಬುದನ್ನು ನೆನೆದರೆ ಸಂತೋಷವಾಗುತ್ತದೆ. ಸರ್ಕಾರವು ಜನರಿಗೆ ಅನ್ನ ನೀರು ಕೊಟ್ಟರೆ ಸಾಕು, ಕಂಪನ್ನೂ ಕೊಡಬೇಕೇ ಎಂದು ಕೇಳುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಮೈಸೂರು ಅದಕ್ಕೆ ತನ್ನ ರೀತಿಯಲ್ಲಿ ಉತ್ತರ ಕೊಟ್ಟಿತು.

ಇದು ಒಂಟಿ ಪ್ರಯತ್ನವೂ ಆಗಿರಲಿಲ್ಲ. 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯುವ ಸರ್ಕಾರಿ ಕಾರ್ಖಾನೆ ಆರಂಭವಾಗಿತ್ತು. 1936ರಲ್ಲಿ ಮಲ್ಲೇಶ್ವರದ ಕಡೆ ಮೈಸೂರು ಲ್ಯಾಂಪ್ ವರ್ಕ್ಸ್ ವಿದ್ಯುದ್ದೀಪದ ಬುರುಡೆಗಳನ್ನು ಮಾಡಲಾರಂಭಿಸಿತು. ಅದಕ್ಕೆ ಒಂದು ವರ್ಷ ಹಿಂದೆ, 1935ರಲ್ಲಿ, ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅದಕ್ಕೆ ಬಂದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಬೆಂಗಳೂರು ನಿಲಯ ಆರಂಭವಾದದ್ದು 1955ರ ನವೆಂಬರಿನಲ್ಲಿ. ಒಂದು ತಲೆಮಾರಿನೊಳಗೆ ಮೈಸೂರು ಸೀಮೆಯ ಸಂಸಾರವೊಂದು ನಾಡಿನಲ್ಲಿಯೇ ಮಾಡಿದ ಸಾಬೂನಿನಿಂದ ಸ್ನಾನ ಮಾಡಿ, ನಾಡಿನಲ್ಲಿಯೇ ನೇಯ್ದ ಸೀರೆಯುಟ್ಟು, ನಾಡಿನ ತೋಟದ ಕಾಫಿ ಕುಡಿದು, ನಾಡಿನ ದೀಪದ ಬೆಳಕಿನಲ್ಲಿ ನಾಡಿನ ಸಂಗೀತವನ್ನು ಕೇಳುವ ಕಾಲ ಬಂತು. ಸೋಮೇಶ್ವರನ ಪಟ್ಟಿಯಲ್ಲಿ ಬಾನುಲಿ ಇರಲಿಲ್ಲ. ಅಷ್ಟರ ಮಟ್ಟಿಗೆ ನಾವು ಅವನನ್ನು ಮೀರಿಸಿದೆವು.

ಈಗ ಬೆಂಗಳೂರಿನ ಪಶ್ಚಿಮಕ್ಕೆ ಬರೋಣ. 1949ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರಿಂದ ಶಂಕುಸ್ಥಾಪನೆಯಾಗಿ, ಅವರ ಹೆಸರಿನಲ್ಲಿಯೇ ರಾಜಾಜಿನಗರ ಹುಟ್ಟಿತು. ಒಂದು ಕಡೆ ಕಾರ್ಖಾನೆಗಳು, ಪಕ್ಕದಲ್ಲಿಯೇ ದುಡಿಯುವವರ ಮನೆಗಳು ಎಂಬುದು ಬಡಾವಣೆಯ ಕಲ್ಪನೆ. ಊರು ಬೆಳೆದಂತೆ ಕಬ್ಬನ್ ಪಾರ್ಕಿನ ಬಳಿಯ ಜಾಗ ಸಾಲದಾಗಿ, 1957ರಲ್ಲಿ ಸಾಬೂನಿನ ಕಾರ್ಖಾನೆ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂತು. ಆಚೆ ಮಾಗಡಿ ರಸ್ತೆಯ ಕಡೆ ಬಿನ್ನಿ ಮಿಲ್ಲು, ಮೈಸೂರು ರಸ್ತೆಯಲ್ಲಿ ರೇಡಿಯೋಗಳನ್ನು ಮಾಡುತ್ತಿದ್ದ ರೆಮ್ಕೊ. ಆ ಕಾರ್ಖಾನೆಯ ಹೆಸರು ವಿಜಯನಗರದ ಪಕ್ಕದ ಬಡಾವಣೆಯೊಂದರಲ್ಲಿ ಇನ್ನೂ ಉಳಿದಿದೆ. ಬಟ್ಟೆ, ರೇಡಿಯೋ, ಸಾಬೂನು: ಮನೆಯ ಒಳಗಿನ ಸುಖಗಳನ್ನು ಮಾಡುವ ಕೈಗಳು ಈ ಪಶ್ಚಿಮದ ಬೀದಿಗಳಲ್ಲಿಯೇ ವಾಸವಾಗಿದ್ದವು. ಸಂಜೆ ಮನೆಗೆ ಬಂದ ಕಾರ್ಮಿಕನ ಅಂಗಿಗೇ ಗಂಧ ಅಂಟಿಕೊಂಡಿರುತ್ತಿದ್ದಿತೆಂದ ಮೇಲೆ, ಅರಮನೆಯ ಬಾಗಿಲು ನಿಜವಾಗಿಯೂ ತೆರೆದಿತ್ತೆಂದು ಹೇಳಬಹುದಲ್ಲವೆ?

ಪೂರ್ತಿಯಾಗಿ ತೆರೆದಿತ್ತೆ ಎಂದರೆ, ಸ್ವಲ್ಪ ತಡೆದು ಯೋಚಿಸಬೇಕು. ನಿಮ್ಮ ಮನೆಯ ಹಳೆಯ ದಿನಗಳನ್ನೇ ನೆನಪಿಗೆ ತಂದುಕೊಳ್ಳಿ. ತಿಂಗಳ ಮೊದಲ ವಾರದಲ್ಲಿ ದಿನಸಿ ಅಂಗಡಿಯಿಂದ ಸಾಮಾನು ಬರುತ್ತಿತ್ತು. ದಿನದ ಸ್ನಾನಕ್ಕೆ ಕೆಂಪು ಸಾಬೂನು. ಅದರ ಜೊತೆಗೆ ಗಂಧದ ಸಾಬೂನು ಒಂದೇ ಒಂದು. ಆ ಒಂದು ಪೆಟ್ಟಿಗೆ ಬೀರುವಿನ ಮೇಲಿನ ಅಂತಸ್ತಿಗೆ ಹೋಗುತ್ತಿತ್ತು. ಹಬ್ಬಕ್ಕೆ, ನೆಂಟರಿಗೆ, ದೀಪಾವಳಿಗೆ ಬರುವ ಅಳಿಯನಿಗೆ. ಸಾಬೂನು ಸವೆದು ಬಿಲ್ಲೆಯ ಚೂರು ಉಳಿದಾಗ, ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಸ್ನಾನ ಮಾಡುವ ತಾಯಿಗೆ ಆ ಚೂರು. ಖಾಲಿ ಪೆಟ್ಟಿಗೆ ಸೀರೆಗಳ ನಡುವೆ ಹೋಗುತ್ತಿತ್ತು, ಕಂಪು ಹಿಡಿಯಲೆಂದು. ವರ್ಷದಲ್ಲಿ ಎರಡು ಸಲ ಟ್ರಂಕು ತೆರೆದಾಗ ಬರುತ್ತಿದ್ದ ಆ ವಾಸನೆಯನ್ನು ಎಷ್ಟೋ ಮಂದಿ ಇಂದಿಗೂ ‘ಅಮ್ಮನ ಸೀರೆಯ ವಾಸನೆ’ ಎಂದೇ ಹೇಳುತ್ತಾರೆ.

ಇದನ್ನು ಕೇಳಿದಾಗ ನನಗೆ ಹಿತವೂ ಆಗುತ್ತದೆ, ಕಸಿವಿಸಿಯೂ ಆಗುತ್ತದೆ. ಖಾಲಿ ಪೆಟ್ಟಿಗೆಯನ್ನು ಎಸೆಯದೆ ಸೀರೆಗಳ ನಡುವೆ ಇಟ್ಟವಳಿಗೆ ಸೊಗಸಿನ ರುಚಿ ಚೆನ್ನಾಗಿಯೇ ತಿಳಿದಿತ್ತು. ಒಂದು ವಸ್ತುವನ್ನು ಕೊನೆಯ ಉಸಿರಿನವರೆಗೆ ಅನುಭವಿಸುವುದನ್ನು ಅವಳಿಂದಲೇ ಕಲಿಯಬೇಕು. ಆದರೆ ಇಡಿಯ ಬಿಲ್ಲೆ ಅವಳ ಕೈಗೆ ಏಕೆ ಬರಲಿಲ್ಲ? ಅರಮನೆಯಲ್ಲಿ ಗಂಧ ತೇದವರಿಗೆ ಗಂಧವಿಲ್ಲ ಎಂದು ಮೊದಲು ಹೇಳಿದೆ. ಅದೇ ಏರ್ಪಾಟು ನಮ್ಮ ಸಣ್ಣ ಮನೆಗಳೊಳಗೂ ಗೊತ್ತಾಗದಂತೆ ಬಂದು ಕುಳಿತಿತ್ತು. ಒಳ್ಳೆಯ ಲೋಟ ಅತಿಥಿಗೆ, ಸೊಟ್ಟ ಲೋಟ ಮನೆಯವಳಿಗೆ. ಹೊಸ ಹಾಸಿಗೆ ನೆಂಟರಿಗೆ, ಹರಿದ ಚಾಪೆ ಮನೆಯವರಿಗೆ. ಅತಿಥಿಸತ್ಕಾರ ನಮ್ಮ ಧರ್ಮ, ಅದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ವರ್ಷಕ್ಕೆ ಆರು ದಿನ ಬರುವವರಿಗಾಗಿ ಒಳ್ಳೆಯದನ್ನು ಎತ್ತಿಟ್ಟು, ಉಳಿದ ಮುನ್ನೂರೈವತ್ತೊಂಬತ್ತು ದಿನ ಮನಸ್ಸಿಗೆ ಹಿಡಿಸದ ವಸ್ತುಗಳೊಡನೆ ಬಾಳುವುದು ಲೆಕ್ಕದಲ್ಲಿಯೂ ನಷ್ಟವೇ ಎಂದು ಹೇಳುತ್ತಿದ್ದೇನೆ, ಅಷ್ಟೆ.

ಇಂದು ಕಷ್ಟ ಬೇರೆ ಬಗೆಯದು. ವಿಜಯನಗರದ ಯಾವುದೇ ದೊಡ್ಡ ಅಂಗಡಿಗೆ ಹೋಗಿ ನೋಡಿ. ಸಾಬೂನುಗಳೇ ಒಂದು ಗೋಡೆಯಷ್ಟು. ಒಂದನ್ನು ಕೊಂಡರೆ ಮತ್ತೊಂದು ಉಚಿತ. ಬುಟ್ಟಿ ತುಂಬುತ್ತದೆ, ಮನೆ ತುಂಬುತ್ತದೆ, ಮನಸ್ಸು ಮಾತ್ರ ತುಂಬುವುದಿಲ್ಲ. ಆರಿಸುವ ಕೆಲಸವನ್ನು ನಾವು ಜಾಹೀರಾತಿಗೆ ಬಿಟ್ಟುಕೊಟ್ಟಿದ್ದೇವೆ. ಆದಕಾರಣ ಆರಿಸುವುದು ಹೇಗೆಂಬುದನ್ನು ಸಾಬೂನಿನ ಮೂಲಕವೇ ಸ್ವಲ್ಪ ವಿಚಾರಿಸೋಣ.

ಮೊದಲನೆಯದು, ವಸ್ತು ಒಳಗೆ ಹೇಗಿದೆಯೆಂದು ನೋಡಬೇಕು. ಸಾಬೂನಿನ ಪೆಟ್ಟಿಗೆಯ ಮೇಲೆ ಟಿ.ಎಫ್.ಎಂ. ಎಂದು ಒಂದು ಅಂಕಿ ಇರುತ್ತದೆ. ಸಾಬೂನಿನಲ್ಲಿ ನಿಜವಾದ ಕೊಬ್ಬಿನ ಅಂಶ ಎಷ್ಟು ಎಂಬುದಕ್ಕೆ ಅದು ಲೆಕ್ಕ. ಭಾರತೀಯ ಮಾನಕ ಸಂಸ್ಥೆಯ ಕಟ್ಟಳೆಯಂತೆ ಸ್ನಾನದ ಸಾಬೂನಿನಲ್ಲಿ ಅದು ನೂರಕ್ಕೆ 76 ಅಥವಾ ಹೆಚ್ಚಿದ್ದರೆ ಮೊದಲನೆಯ ದರ್ಜೆ, 70 ಇದ್ದರೆ ಎರಡನೆಯದು, 60 ಇದ್ದರೆ ಮೂರನೆಯದು. ಚಿತ್ರದಲ್ಲಿರುವ ನಟಿಯ ಮುಖವನ್ನು ನೋಡುವ ಬದಲು ಈ ಅಂಕಿಯನ್ನು ನೋಡಿದರೆ ಮೈಗೂ ಹಿತ, ಕಿಸೆಗೂ ಹಿತ. ಬೇಗ ಕರಗಿಹೋಗುವ ಅಗ್ಗದ ಸಾಬೂನಿಗಿಂತ ನಿಧಾನವಾಗಿ ಸವೆಯುವ ಒಳ್ಳೆಯ ಸಾಬೂನು ಎಷ್ಟೋ ಸಲ ಅಗ್ಗವಾಗುತ್ತದೆ.

ಎರಡನೆಯದು, ನಮ್ಮ ಇಂದ್ರಿಯಗಳ ಮಾತು ಕೇಳಬೇಕು. ಗಂಧದ ಎಣ್ಣೆಯ ಮುಖ್ಯಾಂಶಕ್ಕೆ ಸ್ಯಾಂಟಲಾಲ್ ಎಂದು ಹೆಸರು. ಅದು ಬೇಗ ಆವಿಯಾಗುವುದಿಲ್ಲ. ನಿಂಬೆಯ ವಾಸನೆ ಮೂಗಿಗೆ ತಟ್ಟನೆ ಬಂದು ತಟ್ಟನೆ ಹೋಗುತ್ತದೆ. ಗಂಧ ಮೆಲ್ಲನೆ ಬಂದು ಬಹಳ ಹೊತ್ತು ಕೂಡುತ್ತದೆ. ಸುಗಂಧ ಮಾಡುವವರು ಅದನ್ನು ಉಳಿದ ವಾಸನೆಗಳಿಗೆಲ್ಲ ತಳಹದಿಯಾಗಿ ಬಳಸುವುದು ಇದಕ್ಕಾಗಿಯೇ. ಬಾಳಿನಲ್ಲಿ ಜೊತೆಗಿರಬೇಕಾದ ವಸ್ತುಗಳ ಗುಣವೂ ಇದೇ ಎಂದು ನನಗೆ ತೋರುತ್ತದೆ. ಅಂಗಡಿಯಲ್ಲಿ ಕಣ್ಣು ಕೋರೈಸಿದ್ದು ಮನೆಗೆ ತಂದ ವಾರದಲ್ಲಿ ಸಪ್ಪೆಯಾಗಬಹುದು. ಹತ್ತು ವರ್ಷ ಹಿಡಿದ ಕಾಫಿಯ ಲೋಟ, ಒಗೆದಷ್ಟೂ ಮೆತ್ತಗಾಗುವ ಟವಲು, ಕಿವಿಗೆ ಒಗ್ಗಿದ ರೇಡಿಯೋ, ಇವು ದಿನ ಕಳೆದಂತೆ ಹತ್ತಿರವಾಗುತ್ತವೆ. ಕೆಂಗೇರಿ ದಾಟಿ ಮೈಸೂರಿನ ದಾರಿ ಹಿಡಿದರೆ ಚನ್ನಪಟ್ಟಣ ಬರುತ್ತದೆ. ಅಲ್ಲಿ ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿ ಮಾಡಿದ ಬುಗುರಿಯೋ ಕುಂಕುಮದ ಭರಣಿಯೋ ನಿಮ್ಮ ಕೈಗೆ ಹಿತವಾದರೆ, ಅದನ್ನು ಗಾಜಿನ ಬೀರುವಿನಲ್ಲಿ ಪೂಜಿಸಬೇಡಿ. ಮಗುವಿನ ಕೈಗೆ ಕೊಡಿ, ದಿನವೂ ಕುಂಕುಮ ತುಂಬಿಡಿ.

ಮೂರನೆಯದು ಸ್ವಲ್ಪ ಕಠಿಣವಾದ ಮಾತು. ನಾವು ಅನುಭವಿಸುವ ವಸ್ತು ಎಲ್ಲಿಂದ ಬರುತ್ತದೆ, ಎಷ್ಟು ಉಳಿದಿದೆ ಎಂಬುದನ್ನೂ ತಿಳಿದಿರಬೇಕು. ಗಂಧದ ಮರ ಒಂಟಿಯಾಗಿ ಬೆಳೆಯಲಾರದು. ಪಕ್ಕದ ಗಿಡಮರಗಳ ಬೇರಿಗೆ ತನ್ನ ಬೇರನ್ನು ಕೂಡಿಸಿ ಅವುಗಳಿಂದ ನೀರು ಸಾರಗಳನ್ನು ಪಡೆಯುತ್ತದೆ. ಸುತ್ತಿನ ಕಾಡು ಹೋದರೆ ಅದೂ ಹೋದಂತೆ. 1899ರಲ್ಲಿ ಕೊಡಗಿನಲ್ಲಿ ಸ್ಪೈಕ್ ಎಂಬ ರೋಗ ಮೊದಲು ಕಂಡುಬಂತು. ಎಲೆಗಳು ಸಣ್ಣವಾಗಿ ಮುಳ್ಳಿನಂತೆ ನೆಟ್ಟಗೆ ನಿಂತು ಮರ ಸಾಯುತ್ತದೆ. ರೋಗಕ್ಕೆ ಕಳ್ಳರು ಕೂಡಿದರು. ಮರ ರೈತನದಲ್ಲವಾದ್ದರಿಂದ ಕಾಯುವ ಆಸಕ್ತಿಯೂ ಅವನಿಗಿರಲಿಲ್ಲ. ಹೀಗೆ ಗಂಧದ ನಾಡಿನಲ್ಲಿ ಗಂಧ ಅಪರೂಪವಾಯಿತು. ಕೊನೆಗೆ 2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ಜಮೀನಿನವನೇ ತನ್ನ ನೆಲದ ಗಂಧದ ಮರಕ್ಕೆ ಒಡೆಯನೆಂದಾಯಿತು. ಟಿಪ್ಪುವಿನ ಆಜ್ಞೆಯಿಂದ ಇಲ್ಲಿಗೆ ಇನ್ನೂರಕ್ಕೂ ಹೆಚ್ಚು ವರ್ಷಗಳು. ಈಗ ರೈತರು ಗಂಧವನ್ನು ನೆಡುತ್ತಿದ್ದಾರೆ. ಅವರ ಮರ ಬಲಿಯುವವರೆಗೆ ನಾವು ಗಂಧವನ್ನು ಗಂಧದಂತೆಯೇ ಬಳಸಬೇಕು. ಸಾಣೆಯ ಮೇಲೆ ಬೇಕಾದಷ್ಟನ್ನೇ ತೇಯುತ್ತಿದ್ದ ಅಜ್ಜಿಯ ಕೈಯಲ್ಲಿ ಜಿಪುಣತನವಿರಲಿಲ್ಲ, ಹದವಿತ್ತು.

ಕಾರ್ಖಾನೆಯ ಕಥೆಯನ್ನು ಪೂರ್ತಿ ಮಾಡಿಬಿಡುತ್ತೇನೆ. 1944ರಲ್ಲಿ ಶಿವಮೊಗ್ಗದಲ್ಲಿಯೂ ಎಣ್ಣೆಯ ಕಾರ್ಖಾನೆ ಆರಂಭವಾಗಿತ್ತು. 1980ರಲ್ಲಿ ಸಾಬೂನಿನ ಕಾರ್ಖಾನೆಯೂ ಎಣ್ಣೆಯ ಕಾರ್ಖಾನೆಗಳೂ ಸೇರಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಕಂಪನಿಯಾಯಿತು. ರಾಜ್ಯದ ಹೆಸರು 1973ರಲ್ಲಿಯೇ ಕರ್ನಾಟಕವಾಗಿದ್ದರೂ ಸಾಬೂನಿನ ಹೆಸರು ಮೈಸೂರು ಎಂದೇ ಉಳಿಯಿತು. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆ ಹೆಸರನ್ನು ಬೇರೆ ಯಾರೂ ಇಟ್ಟುಕೊಳ್ಳುವಂತಿಲ್ಲ. ಅರಸರು ಹೋದರು, ಸಂಸ್ಥಾನ ಹೋಯಿತು, ಟ್ರಾಂ ಟಿಕೆಟ್ಟುಗಳು ಹೋದವು. ಬಿನ್ನಿ ಮಿಲ್ಲಿನ ಸದ್ದೂ ನಿಂತಿತು. ಮೊಟ್ಟೆಯಾಕಾರದ ಬಿಲ್ಲೆ ಮಾತ್ರ ನೂರು ವರ್ಷ ದಾಟಿ ಬಂದಿದೆ. ಅದನ್ನು ಕಾಪಾಡಿದವರು ದೊರೆ ದಿವಾನರು ಮಾತ್ರವಲ್ಲ. ತಿಂಗಳ ಸಾಮಾನಿನ ಚೀಟಿಯಲ್ಲಿ ಅದರ ಹೆಸರನ್ನು ಅಳಿಸದೆ ಬರೆದುಕೊಂಡು ಬಂದ ಗೃಹಿಣಿಯರು ಕೂಡ.

ಈ ಲೇಖನವನ್ನು ನೀವು ಓದುತ್ತಿರುವಾಗ ಪಕ್ಕದಲ್ಲಿ ರೇಡಿಯೋ ಮೆಲ್ಲಗೆ ಹಾಡುತ್ತಿರಬಹುದು. ಮುಗಿದ ಮೇಲೆ ಒಂದು ಚಿಕ್ಕ ಕೆಲಸ ಮಾಡಿ. ಬೀರುವಿನ ಮೇಲಿನ ಅಂತಸ್ತನ್ನು ತೆರೆದು ನೋಡಿ. ನೆಂಟರಿಗೆಂದು ಎತ್ತಿಟ್ಟ ಲೋಟ, ಹಬ್ಬಕ್ಕೆಂದು ಮಡಿಸಿಟ್ಟ ಟವಲು, ಯಾವತ್ತಿಗೋ ಎಂದು ಇಟ್ಟ ಸಾಬೂನು ಅಲ್ಲಿ ಇದ್ದೇ ಇರುತ್ತವೆ. ಅವುಗಳಲ್ಲಿ ನಿಮಗೆ ನಿಜವಾಗಿ ಇಷ್ಟವಾದ ಒಂದನ್ನು ಕೆಳಗಿಳಿಸಿ. ಮನೆಯಲ್ಲಿ ಯಾರ ಪಾಲಿಗೆ ಇಷ್ಟು ದಿನ ಚೂರು ಬರುತ್ತಿತ್ತೋ, ನಾಳೆ ಬೆಳಿಗ್ಗೆ ಇಡಿಯ ಬಿಲ್ಲೆ ಮೊದಲು ಅವರ ಕೈಗೆ ಹೋಗಲಿ.